ಕಾಕಾನ ಕಡಲೆ ಹೊಲ ಮತ್ತು ಹೆಬ್ಬಾತು

ಎಳ್ಳಮವಾಸ್ಯೆಯ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಒಲೆ ಆರುವುದಿಲ್ಲ. ನಡುರಾತ್ರಿವರೆಗೂ ರೊಟ್ಟಿ ತಟ್ಟುವ ಸಪ್ಪಳ ಇದ್ದೇ ಇರುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಜೋಳದ ಕಡುಬು, ಪುಂಡಿ ಪಲ್ಯ, ಹತ್ತಾರು ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ. ಮರುದಿನ ಇದನ್ನೆಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಮೊದಲು ಭೂಮಿತಾಯಿಗೆ ಚರಗ ಚೆಲ್ಲಬೇಕು. ಆಮೇಲೇ ನಮ್ಮ ಊಟ.

ಮೂರು ವರ್ಷದ ಹಿಂದೆ ಆ ರಾತ್ರಿ ನಾನು ಕಲಬುರಗಿಯಿಂದ ಊರಿಗೆ ಹೋದಾಗ ಕಾಕಾ ಮನೆಯಲ್ಲಿ ಇರಲಿಲ್ಲ.

“ಹೊಲದಾಗ ಅದಾರವ್ವ. ಬಾತು ಕಾಯ್ಲಾಕ್ ಹೋಗ್ಯಾರ” ಅಂದರು ಕಾಕಿ.

ನಮ್ಮ ಊರು ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯದು. ಬೋನಾಳ ಕೆರೆ ನಮಗೆ ಹತ್ತಿರ. ಕಾಕಾನ ಕಡಲೆ ಹೊಲದಿಂದ ಕೆರೆಯ ನೀರು ಕಾಣುತ್ತದೆ. ನಾನು ಸ್ವೆಟರ್ ಹಾಕಿಕೊಂಡು, ಬ್ಯಾಟರಿ ಹಿಡಿದು ಹೊಲಕ್ಕೆ ಹೋದೆ. ಕಾಕಾ ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದ. ಪಕ್ಕದಲ್ಲಿ ಖಾಲಿ ಎಣ್ಣೆ ಡಬ್ಬಿ, ಒಂದು ಕೋಲು. “ಚಳ್ಯಾಗ ಯಾಕ ಬಂದಿ ಯವ್ವಾ?” ಅಂದ. ನಾನು ಉತ್ತರ ಕೊಡುವುದರೊಳಗೆ ಕೈ ಎತ್ತಿ ಸುಮ್ನಿರು ಅಂತ ಸನ್ನೆ ಮಾಡಿದ.

ಮೇಲೆ ಸದ್ದು. ಕಣ್ಣಿಗೆ ಏನೂ ಕಾಣುತ್ತಿಲ್ಲ. ಅಮಾವಾಸ್ಯೆಯ ಕತ್ತಲೆ. ಆಂಗ್, ಆಂಗ್ ಅಂತ ಮೂಗಿನಿಂದ ಬಂದಂಥ ದನಿ. ಒಂದು ಕೂಗಿತು, ಇನ್ನೊಂದು ಓಗೊಟ್ಟಿತು, ಆಮೇಲೆ ಹತ್ತಾರು. ಸದ್ದು ಕೆಳಗಿಳಿಯುತ್ತಾ ಬಂತು. ರೆಕ್ಕೆ ಬೀಸುವ ಗಾಳಿಯೂ ಕೇಳಿಸಿತು. ಕಾಕಾ ಎದ್ದು ನಿಂತು ಡಬ್ಬಿ ಬಾರಿಸತೊಡಗಿದ. ಆ ಚಳಿಯ ರಾತ್ರಿಯಲ್ಲಿ ಆ ಡಬ್ಬಿಯ ಸದ್ದು ನನ್ನ ಎದೆಗೆ ಬಡಿದ ಹಾಗಾಯಿತು. ಹಕ್ಕಿಗಳು ಇಳಿಯದೆ ಮುಂದೆ ಹೋದವು. ಸ್ವಲ್ಪ ಹೊತ್ತಿಗೆ ದೂರದ ಇನ್ಯಾರದೋ ಹೊಲದಿಂದ ಇನ್ನೊಂದು ಡಬ್ಬಿಯ ಸದ್ದು ಕೇಳಿತು.

ಬೆಳಿಗ್ಗೆ ಅದೇ ಹೊಲದಲ್ಲಿ, ಅದೇ ಕಾಕಾ, ಚರಗ ಚೆಲ್ಲಿದ. ರೊಟ್ಟಿ ಮುರಿದು, ಭಜ್ಜಿ ಕಲಸಿ, ನಾಲ್ಕೂ ದಿಕ್ಕಿಗೆ ಎರಚಿದ. ಭೂಮಿ ಬಸುರಿ, ಅವಳಿಗೆ ಬಯಕೆ ಊಟ. ಆ ಅನ್ನದಲ್ಲಿ ಹಕ್ಕಿಗೂ, ಹುಳಕ್ಕೂ, ಇರುವೆಗೂ ಪಾಲು. ನಾನು ರಾತ್ರಿಯದನ್ನೂ ಬೆಳಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕಾಕಾ ಎರಡನ್ನೂ ಪೂರ್ತಿ ಮನಸ್ಸಿನಿಂದಲೇ ಮಾಡಿದ್ದ. ಅದೇ ನನ್ನನ್ನು ಇಷ್ಟು ದಿನ ಕಾಡುತ್ತಿರುವುದು.

ಕೆರೆಯ ಬಗ್ಗೆ ಸ್ವಲ್ಪ ಹೇಳಬೇಕು. ಬೋನಾಳ ಕೆರೆ ತಾನಾಗಿ ಆದದ್ದಲ್ಲ. 17ನೇ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ ಕೆರೆ ಅಂತಲೇ ಎಲ್ಲರೂ ಹೇಳುವುದು. 19ನೇ ಶತಮಾನದಲ್ಲಿ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ. ಟೇಲರ್ 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಇಂಗ್ಲಿಷ್ ಅಧಿಕಾರಿ. ಅವನು ಇದ್ದ ಬಂಗಲೆ ಸುರಪುರದ ಗುಡ್ಡದ ಮೇಲೆ ಇವತ್ತಿಗೂ ಟೇಲರ್ ಮಂಜಿಲ್ ಅಂತಲೇ ಇದೆ. ಅಂದರೆ ನೀರು ನಿಲ್ಲಿಸಿದ್ದು ಹೊಲಕ್ಕಾಗಿ. ಹಕ್ಕಿ ಆಮೇಲೆ ಬಂತು. ಕೆರೆ ಕೆಳಗಿನ ಹೊಲವೂ ಕೆರೆಯ ಹಕ್ಕಿಯೂ ಒಂದೇ ತೂಬಿನ ನೀರು ಕುಡಿದು ಬೆಳೆದವು. ಈಗ ಇದು ಬೋನಾಳ ಪಕ್ಷಿಧಾಮ. ರಂಗನತಿಟ್ಟು ಬಿಟ್ಟರೆ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮ ಅಂತ ಕರೆಯುತ್ತಾರೆ.

ಚಳಿಗಾಲದ ಬೆಳಿಗ್ಗೆ ಏರಿ ಮೇಲೆ ನಿಂತರೆ ಎಷ್ಟು ಬಗೆಯ ಹಕ್ಕಿ! ನೇರಳೆ ಬಣ್ಣದ ಜಂಬುಕೋಳಿ ಆಪು ಹುಲ್ಲಿನೊಳಗಿಂದ ಕೆಂಪು ಕಾಲು ಎತ್ತೆತ್ತಿ ಇಡುತ್ತಾ ಬರುತ್ತದೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿರುತ್ತದೆ. ಬೆಳ್ಳಕ್ಕಿ, ಕೊಕ್ಕರೆ, ಗುಳುಮುಳುಕ. ಕಿತ್ತಳೆ-ಕಂದು ಮೈಯ ಜೋಡಿ ಬಾತುಗಳೂ ಬರುತ್ತವೆ. ಅವೇ ನಮ್ಮ ಹಳೆಯ ಕಾವ್ಯಗಳ ಜಕ್ಕವಕ್ಕಿ. ಹಗಲೆಲ್ಲ ಜೊತೆಗಿದ್ದು, ರಾತ್ರಿ ಅಗಲಿ, ಆಚೆ ದಡ ಈಚೆ ದಡದಿಂದ ಕೂಗಾಡುವ ಹಕ್ಕಿ ಅಂತ ಕವಿಗಳು ಬರೆದರಲ್ಲ, ಅದು. ಶಾಲೆಯಲ್ಲಿ ಓದುವಾಗ ಅದು ಬರೀ ಕಲ್ಪನೆಯ ಹಕ್ಕಿ ಅಂದುಕೊಂಡಿದ್ದೆ. ನಮ್ಮ ಕೆರೆಯಲ್ಲೇ ಈಜುತ್ತಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಮತ್ತೆ ಹೆಬ್ಬಾತು. ಬೂದು ಮೈ, ಬಿಳಿ ತಲೆ. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಅದಕ್ಕೇ ಪಟ್ಟೆತಲೆ ಹೆಬ್ಬಾತು ಅನ್ನುತ್ತಾರೆ. ಕಾಕಾನಿಗೆ ಅದು ಬರೀ ಬಾತು. ಎರಡು-ಮೂರು ಕೆಜಿ ತೂಗುವ ಹಕ್ಕಿ. ಚಳಿಗಾಲ ಶುರುವಾಗುವ ಹೊತ್ತಿಗೆ ಬರುತ್ತದೆ, ಬಿಸಿಲು ಏರುವ ಮೊದಲು ಹೋಗಿಬಿಡುತ್ತದೆ.

ಎಲ್ಲಿಂದ ಬರುತ್ತದೆ? ಇದನ್ನು ಕಾಕಾನಿಗೆ ಹೇಳಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಚರಗ ಚೆಲ್ಲಿ, ಉಂಡು, ಎಲ್ಲರೂ ಬೇವಿನ ಮರದ ಕೆಳಗೆ ಅಡ್ಡಾಗಿದ್ದೆವು. ನಾನು ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದೆ. ಇದು ನಮ್ಮ ಕೆರೆ. ಇದು ಭೀಮಾ. ಇಲ್ಲಿ ಮೇಲೆ, ಬಹಳ ಮೇಲೆ, ಹಿಮಾಲಯ. ಅದರಾಚೆ ಟಿಬೆಟ್, ಮಂಗೋಲಿಯಾ. ಅಲ್ಲಿನ ಬೆಟ್ಟಗಳ ನಡುವೆ ದೊಡ್ಡ ದೊಡ್ಡ ಕೆರೆಗಳಿವೆ. ಹೆಬ್ಬಾತು ಮೊಟ್ಟೆ ಇಡುವುದು ಅಲ್ಲಿ. ನಮ್ಮ ದೇಶದಲ್ಲೂ ಲಡಾಖಿನಲ್ಲಿ ತ್ಸೋ ಮೊರಿರಿ ಅಂತ ಸರೋವರವಿದೆ. ಸಮುದ್ರಮಟ್ಟಕ್ಕಿಂತ 4,500 ಮೀಟರಿಗೂ ಎತ್ತರದಲ್ಲಿ. ಅಲ್ಲೂ ಗೂಡು ಕಟ್ಟುತ್ತವೆ.

“ಅಲ್ಲಿ ಏನ್ ಬೆಳಿತಾರ?” ಅಂತ ಕಾಕಾ ಕೇಳಿದ. ಬೆಳೆ ಜಾಸ್ತಿ ಇಲ್ಲ. ಚಾಂಗ್‌ಪಾ ಅನ್ನುವ ಜನ ಆಡು, ಕುರಿ, ಯಾಕ್ ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾರೆ ಅಂದೆ. ನಮ್ಮ ಕುರುಬರ ಹಾಗೆ. ಪಶ್ಮೀನಾ ಶಾಲಿನ ಉಣ್ಣೆ ಅವರ ಆಡಿನದೇ. ಕಾಕಾ ತನ್ನ ಕಂಬಳಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಹಿಮಾಲಯ ದಾಟುವುದು ಹೇಗೆ ಅನ್ನುವುದು ದೊಡ್ಡ ಮಾತು. ಅಷ್ಟು ಎತ್ತರದಲ್ಲಿ ಗಾಳಿ ತೆಳು. ನಮಗೆ ಅಲ್ಲಿ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆ. ಈ ಹಕ್ಕಿ ಅಲ್ಲಿ ರೆಕ್ಕೆ ಬಡಿಯುತ್ತಾ ಹಾರುತ್ತದೆ. ಹದ್ದಿನ ಹಾಗೆ ಗಾಳಿಯ ಮೇಲೆ ತೇಲುವುದಲ್ಲ, ಬಡಿಯುತ್ತಲೇ ಇರಬೇಕು. ಅದರ ರಕ್ತಕ್ಕೆ ಆ ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಶಕ್ತಿ ಇದೆ. ವಿಜ್ಞಾನಿಗಳು ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಬಿಟ್ಟು ನೋಡಿದರು. 7,290 ಮೀಟರ್ ಎತ್ತರದವರೆಗೂ ಹಾರಿದ್ದು ದಾಖಲಾಯಿತು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಒಮ್ಮೆ ಮೇಲಕ್ಕೆ ಹೋದವು ಅಲ್ಲೇ ಉಳಿಯುವುದಿಲ್ಲ. ಬೆಟ್ಟ ಬಂದರೆ ಏರುತ್ತವೆ, ಕಣಿವೆ ಬಂದರೆ ಮತ್ತೆ ಇಳಿಯುತ್ತವೆ. ಕಷ್ಟಪಟ್ಟು ಏರಿದ ಎತ್ತರವನ್ನು ಯಾಕೆ ಬಿಟ್ಟುಕೊಡಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಕೆಳಗೆ ಗಾಳಿ ದಟ್ಟ. ಅಲ್ಲಿ ಹಾರಲು ಕಡಿಮೆ ಶ್ರಮ. ಮತ್ತೆ ಏರುವ ಖರ್ಚು ಕಳೆದರೂ ಅದೇ ಲಾಭ. ದಾಟುವುದನ್ನೂ ಎಷ್ಟೋ ಸಲ ರಾತ್ರಿ, ನಸುಕಿನಲ್ಲಿ ಇಟ್ಟುಕೊಳ್ಳುತ್ತವೆ. ಆಗ ಗಾಳಿ ತಣ್ಣಗೆ, ಶಾಂತವಾಗಿ ಇರುತ್ತದೆ.

ಗೂಡು ಕಟ್ಟುವ ಕಾಲ ಮುಗಿದ ಮೇಲೆ ಇವುಗಳ ಹಾರುವ ಗರಿಗಳೆಲ್ಲ ಒಟ್ಟಿಗೇ ಉದುರುತ್ತವೆ. ಹೊಸ ಗರಿ ಬರುವವರೆಗೆ, ಕೆಲವು ವಾರ, ಹಾರಲು ಆಗುವುದೇ ಇಲ್ಲ. ನೀರೇ ಆಸರೆ. ಆ ದಿನಗಳಲ್ಲಿ ಸರೋವರ ಕೆಟ್ಟರೆ ಅವಕ್ಕೆ ಓಡಿಹೋಗಲು ಜಾಗವಿಲ್ಲ. ಲಡಾಖಿನ ಚಾಂಗ್‌ಥಾಂಗ್ ಪ್ರದೇಶವನ್ನು 1987ರಲ್ಲೇ ವನ್ಯಧಾಮ ಅಂತ ಘೋಷಿಸಿದ್ದಾರೆ. ತ್ಸೋ ಮೊರಿರಿ 2002ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗುಗಳ ಪಟ್ಟಿಗೆ ಸೇರಿದೆ. ಆದರೂ ಅಲ್ಲಿ ಬೀದಿನಾಯಿಗಳ ಕಾಟ ದೊಡ್ಡದು. ನೆಲದ ಮೇಲಿನ ಗೂಡಿನಿಂದ ಮೊಟ್ಟೆ, ಮರಿ ಎತ್ತಿಕೊಂಡು ಹೋಗುತ್ತವೆ. ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ 2005ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ತುಂಬಾ ಹೆಬ್ಬಾತುಗಳೇ.

ಇದನ್ನೆಲ್ಲ ತಪ್ಪಿಸಿಕೊಂಡು ಬಂದ ಹಕ್ಕಿ ನಮ್ಮ ಹೊಲದ ಮೇಲೆ ಕೂಗುತ್ತದೆ. ಸುಮ್ನೆ ಊಹೆ ಅಲ್ಲ ಇದು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಅಂಕಿಯ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳನ್ನು ಕರ್ನಾಟಕದ ಕೆರೆಗಳಲ್ಲಿ ಜನ ನೋಡಿದ್ದಾರೆ.

ಕಾಕಾ ಎಲ್ಲವನ್ನೂ ಕೇಳಿದ. ಮಣ್ಣಿನ ಮೇಲಿನ ಗೆರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ, “ಅಷ್ಟು ದೂರದಿಂದ ಬಂದದ್ದು ಉಣ್ಲಾರದೆ ಹೆಂಗ ಇರ್ತದ” ಅಂದ. ಸ್ವಲ್ಪ ಬಿಟ್ಟು, “ಆದ್ರ ನನ್ನ ಹೊಲಾನೇ ಯಾಕ ಬೇಕು ಅವಕ್ಕ?” ಅಂದ.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಹೆಬ್ಬಾತು ಹಗಲು ಕೆರೆಯಲ್ಲಿ, ಕೆರೆ ದಂಡೆಯಲ್ಲಿ ನಿದ್ದೆ ಮಾಡುತ್ತದೆ, ಗರಿ ತೀಡಿಕೊಳ್ಳುತ್ತದೆ. ಸಂಜೆಯಾದ ಮೇಲೆ ಮೇಯಲು ಏಳುತ್ತದೆ. ಹುಲ್ಲು, ಚಿಗುರು, ಕಾಳು ಅದರ ಊಟ. ಕಡಲೆ, ಶೇಂಗಾ, ಗೋಧಿ ಸಿಕ್ಕರೆ ಅದೂ ಆಯಿತು. ಬೆಳಗಾಗುವ ಹೊತ್ತಿಗೆ ಮತ್ತೆ ನೀರಿಗೆ. ಅಂದರೆ ಹಕ್ಕಿಯ ದಿನದಲ್ಲಿ ಅರ್ಧ ಕೆರೆಯದು, ಅರ್ಧ ಹೊಲದ್ದು. ನಾವು ಬೋರ್ಡ್ ಹಾಕಿದ್ದು ಕೆರೆಗೆ ಮಾತ್ರ. ಹಗಲಿನ ಹಕ್ಕಿಯನ್ನು ಸರಕಾರ ಕಾಯುತ್ತದೆ. ರಾತ್ರಿಯ ಹಕ್ಕಿಗೆ ಊಟ ಹಾಕುವವನು ಕಾಕಾನಂಥ ಎರಡು-ಮೂರು ಎಕರೆಯವನು. ಅವನನ್ನು ಯಾರೂ ಕೇಳಲಿಲ್ಲ, ಅವನಿಗೆ ಯಾರೂ ಹೇಳಲೂ ಇಲ್ಲ.

ಕಾಕಾ ಒಂದು ವರ್ಷ ಕಚೇರಿಯೊಂದಕ್ಕೆ ಹೋಗಿದ್ದ. ಅರ್ಧ ಎಕರೆ ಕಡಲೆ ಹಾಳಾಗಿತ್ತು. ಹಕ್ಕಿ ತಿಂದಿದ್ದಕ್ಕೆ ಏನು ಲೆಕ್ಕ, ಏನು ಪುರಾವೆ ಅಂತ ಅಲ್ಲಿದ್ದವರು ಕೇಳಿದರಂತೆ. ಕಾಕಾನ ಹತ್ತಿರ ಲೆಕ್ಕ ಇರಲಿಲ್ಲ. ಕೈಯಲ್ಲಿ ಒಂದು ಹಿಡಿ ಕಡಲೆ ಗಿಡ ಕಿತ್ತುಕೊಂಡು ಹೋಗಿದ್ದ, ಅಷ್ಟೇ. ಆ ಗಿಡ ಹಿಡಿದುಕೊಂಡೇ ವಾಪಸ್ ಬಂದ. ಬಸ್ಸಿನಲ್ಲಿ ಅದನ್ನು ಬಿಸಾಡಲು ಮನಸ್ಸಾಗಲಿಲ್ಲ ಅಂತ ಹೇಳಿದ್ದು ನನಗೆ ಇನ್ನೂ ನೆನಪಿದೆ.

ಹೊಲದ ಸುತ್ತ ಕುಸುಬೆ ಹಾಕುವುದು ನಮ್ಮ ಕಡೆಯ ಪದ್ಧತಿ. ಕುಸುಬೆ ಮುಳ್ಳಿಗೆ ದನ ಒಳಗೆ ಬರುವುದಿಲ್ಲ. ಆದರೆ ಮೇಲಿಂದ ಇಳಿಯುವುದಕ್ಕೆ ಯಾವ ಬೇಲಿ? ಕೆಲವು ಕಡೆ ಕಾಳಿಗೆ ಔಷಧಿ ಹಚ್ಚಿ ಎರಚುವವರೂ ಇದ್ದಾರೆ. ಅದು ಹಕ್ಕಿಗೆ ವಿಷ. ಒಂದೇ ಬೆಳಿಗ್ಗೆಗೆ ಹಿಂಡೇ ಸಾಯಬಹುದು. ಕಾಕಾ ಅದನ್ನು ಯಾವತ್ತೂ ಮಾಡಲಿಲ್ಲ. ಡಬ್ಬಿ ಬಾರಿಸುತ್ತಾ ರಾತ್ರಿಯಿಡೀ ಚಳಿಯಲ್ಲಿ ಕೂರುವುದು ಅವನು ಆರಿಸಿಕೊಂಡ ದಾರಿ. ಆ ಡಬ್ಬಿಯ ಸದ್ದನ್ನು ಮೊದಲು ನಾನು ತಪ್ಪಾಗಿ ಕೇಳಿಸಿಕೊಂಡಿದ್ದೆ. ಅದರಲ್ಲಿ ಕೊಲ್ಲುವುದಿಲ್ಲ ಅನ್ನುವ ಮಾತೂ ಇತ್ತು.

ಗದಗ ಜಿಲ್ಲೆಯ ಮಾಗಡಿ ಕೆರೆ ಹೆಬ್ಬಾತಿಗೆ ಹೆಸರಾದದ್ದು. ಅದೂ ಮನುಷ್ಯರು ಕಟ್ಟಿದ ಕೆರೆಯೇ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿ ಜೊತೆಗೆ. ಆ ಸುದ್ದಿ ಓದಿದ ದಿನ ನನಗೆ ತುಂಬಾ ಖುಷಿಯಾಯಿತು. ರೈತರು ಕಟ್ಟಿ, ಹೂಳು ಎತ್ತಿ, ಉಳಿಸಿಕೊಂಡ ಕೆರೆಗೂ ಜಗತ್ತಿನ ಪಟ್ಟಿಯಲ್ಲಿ ಜಾಗ ಸಿಕ್ಕಿತಲ್ಲ ಅಂತ. ನಮ್ಮ ಬೋನಾಳದ ಹೆಸರೂ ಒಂದು ದಿನ ಅಲ್ಲಿ ಬರಲಿ ಅನ್ನುವುದು ನನ್ನ ಆಸೆ. ಆದರೆ ಪಟ್ಟಿಗೆ ಸೇರಿಸುವ ಮೊದಲು ಸುತ್ತಲ ಹೊಲದವರ ಜೊತೆ ಕೂತು ಮಾತಾಡಲಿ ಅನ್ನುವುದು ಅದಕ್ಕಿಂತ ದೊಡ್ಡ ಆಸೆ.

ನಾನು ಕಲಬುರಗಿಯಲ್ಲಿ ಶಾಲೆ ಕಲಿಸುತ್ತೇನೆ. ಒಮ್ಮೆ ಮಾರ್ಚಿಯಲ್ಲಿ ಮಕ್ಕಳನ್ನು ಚಿಂಚೋಳಿಗೆ ಕರೆದುಕೊಂಡು ಹೋಗಿದ್ದೆ. ಕುಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯ. 2011ರಲ್ಲಿ ಅದು ವನ್ಯಜೀವಿಧಾಮವಾಯಿತು. 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಅಂತ ಹೇಳುತ್ತಾರೆ. ಆ ಹೊತ್ತಿಗೆ ತೇಗದ ಎಲೆ ಉದುರಿ, ಬೆಟ್ಟ ಬೆಟ್ಟವೇ ಬೋಳಾಗಿತ್ತು. ಒಬ್ಬ ಹುಡುಗ ಸುತ್ತಲೂ ನೋಡಿ, “ಟೀಚರ್, ಕಾಡು ಎಲ್ಲದ?” ಅಂತ ಕೇಳಿದ. ಅವನ ತಪ್ಪಲ್ಲ. ನಮ್ಮ ಪುಸ್ತಕಗಳಲ್ಲಿ ಕಾಡು ಅಂದರೆ ಯಾವಾಗಲೂ ಮಲೆನಾಡೇ. ಹಸಿರು, ಮಳೆ, ಜಿಗಣೆ. ನಮ್ಮ ಕಡೆಯ ಕಾಡು ಬೇಸಿಗೆಯಲ್ಲಿ ಎಲೆ ಬಿಚ್ಚಿಟ್ಟು ಉಸಿರು ಹಿಡಿದು ಕೂರುತ್ತದೆ. ನೀರು ಉಳಿಸಿಕೊಳ್ಳಲು ಅದಕ್ಕೆ ಗೊತ್ತಿರುವ ಉಪಾಯ ಅದು. ತೋಳ, ಕತ್ತೆಕಿರುಬ, ನರಿ ಇರುವ ಕಾಡು. ಬೀದರಿನ ಹುಲ್ಲುಬಯಲಿನಲ್ಲಿ ಕೃಷ್ಣಮೃಗ ಓಡುವುದನ್ನು ನೋಡಿದವರಿಗೆ ಗೊತ್ತು. ಆ ಬಯಲನ್ನು ಬೀಳುಭೂಮಿ ಅಂತ ಬರೆದುಬಿಟ್ಟರೆ ಆ ಪ್ರಾಣಿಗೆ ಹೋಗಲು ಬೇರೆ ಕಡೆ ಇಲ್ಲ.

ಚಿಂಚೋಳಿಯಲ್ಲಿ ಕಾಡಿನ ಅಂಚಿಗೆ ಲಂಬಾಣಿ ತಾಂಡಾಗಳಿವೆ. ಅಲ್ಲಿ ಒಬ್ಬ ಅಜ್ಜಿ ನಮಗೆ ನೀರು ಕೊಟ್ಟರು. ಮಕ್ಕಳಿಗೆ ಹಣ್ಣು ಕೊಟ್ಟರು. ಕಾಡಿನ ಬಗ್ಗೆ ಕೇಳಿದೆ. ಮೊದಲು ಕಟ್ಟಿಗೆ, ಹಣ್ಣು, ದನ ಮೇಯಿಸುವುದು ಎಲ್ಲ ಅಲ್ಲೇ. ಈಗ ಯಾವುದಕ್ಕೆ ಹೋಗಬಹುದು, ಯಾವುದಕ್ಕೆ ಹೋಗಬಾರದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ ಅಂದರು. ದೂರಿನ ದನಿ ಇರಲಿಲ್ಲ. ಗೊಂದಲದ ದನಿ ಇತ್ತು. ಕಾಕಾ ಕಚೇರಿಯಿಂದ ಬಂದ ದಿನದ ಮುಖವೇ ಅದು. ಗೆರೆ ಎಳೆಯುವ ಕೆಲಸ ಒಂದು ಆದೇಶದಲ್ಲಿ ಮುಗಿಯುತ್ತದೆ. ಆ ಗೆರೆಯ ಪಕ್ಕದಲ್ಲಿ ದಿನಾ ಬೆಳಿಗ್ಗೆ ಏಳುವವರು ಅದರ ಜೊತೆ ಬದುಕಬೇಕು.

ಕೆರೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಈಗೀಗ ಎಲ್ಲ ಕಡೆ ಕೆರೆ ಚಂದ ಮಾಡುತ್ತಾರೆ. ಸುತ್ತ ಕಲ್ಲು ಕಟ್ಟಿ, ಟೈಲ್ಸ್ ಹಾಕಿ, ದೀಪ ಹಚ್ಚಿ, ದೋಣಿ ಬಿಡುತ್ತಾರೆ. ಹಕ್ಕಿಗೆ ಬೇಕಾದದ್ದು ಅದಲ್ಲ. ಅದಕ್ಕೆ ದಂಡೆ ಬೇಕು. ನೀರು ಇಳಿದಂತೆ ತೆರೆದುಕೊಳ್ಳುವ ಕೆಸರು, ಅದರ ಮೇಲೆ ಹುಟ್ಟುವ ಎಳೆ ಹುಲ್ಲು, ಮೊಣಕಾಲುದ್ದ ನೀರು, ಆಪು, ಕತ್ತಲೆ. ಮನುಷ್ಯರ ಕಣ್ಣಿಗೆ ಕೊಳಕು ಅನಿಸುವ ಆ ಅಂಚಿನಲ್ಲೇ ಅದರ ಬದುಕು. ನೇರವಾಗಿ ಕಲ್ಲು ಕಟ್ಟಿದರೆ ಆ ಅಂಚು ಇಲ್ಲವಾಗುತ್ತದೆ. ದಂಡೆಯಲ್ಲಿ ಹುಲ್ಲು ಸಿಗದ ಹಕ್ಕಿ ಹೊಲಕ್ಕೆ ಇನ್ನೂ ಜಾಸ್ತಿ ಬರುತ್ತದೆ. ಅದರ ಬೆಲೆಯನ್ನೂ ಮತ್ತೆ ಕಾಕಾನೇ ಕೊಡಬೇಕು. ಬೋನಾಳದ ದಂಡೆಯನ್ನು ಇರುವ ಹಾಗೇ ಬಿಡಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಕಳೆದ ಎಳ್ಳಮವಾಸ್ಯೆಗೆ ಮತ್ತೆ ಹೋದೆ. ಜೇವರ್ಗಿ ಹತ್ತಿರ ಭೀಮಾ ದಾಟಿ, ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ನೋಡಿ, ಸಂಜೆಗೆ ಊರು ಸೇರಿದೆ. ಚೀಲದಲ್ಲಿ ಒಂದು ದಪ್ಪ ನೋಟ್‌ಬುಕ್ ಇತ್ತು. ಅದರಲ್ಲಿ ನಾಲ್ಕು ಮನೆ ಹಾಕಿಟ್ಟಿದ್ದೆ. ದಿನ, ಹೊಲ, ಎಷ್ಟು ಹಕ್ಕಿ, ಎಷ್ಟು ಜಾಗ. ಕಾಕಾನಿಗೆ ತೋರಿಸಿದೆ. ಲೆಕ್ಕ ಕೇಳಿದ್ದರಲ್ಲ, ಲೆಕ್ಕ ಇಡೋಣ ಅಂದೆ. ಅಕ್ಕಪಕ್ಕದ ಹೊಲದವರೂ ಬರೆದರೆ ನಾಲ್ಕು ವರ್ಷಕ್ಕೆ ಒಂದು ಕಾಗದ ಆಗುತ್ತದೆ. ಎಷ್ಟು ಹಕ್ಕಿ ಬಂತು ಅನ್ನುವುದೂ ಅದರಲ್ಲೇ ಇರುತ್ತದೆ, ಎಷ್ಟು ಹೊಲ ಹೋಯಿತು ಅನ್ನುವುದೂ ಅದರಲ್ಲೇ. ಕಾಕಾ ಪುಸ್ತಕವನ್ನು ತಿರುವಿ ನೋಡಿ ಏನೂ ಹೇಳದೆ ವಾಪಸ್ ಕೊಟ್ಟ.

ನಸುಕಿಗೆ ನನ್ನನ್ನು ಎಬ್ಬಿಸಿದ. ಇಬ್ಬರೂ ಹೊಲಕ್ಕೆ ಹೋದೆವು. ಕಡಲೆ ಗಿಡದ ಮೇಲೆ ಇಬ್ಬನಿ. ಕಾಲಿಗೆ ಹುಳಿ ತಾಗಿ ಚುರುಚುರು ಅನ್ನುತ್ತಿತ್ತು. ಹೊಲದ ಆ ತುದಿಯಲ್ಲಿ ಬೂದು ಬೂದಾಗಿ ಏನೋ ಅಲುಗುತ್ತಿತ್ತು. ನಾವು ಬದುವಿನ ಹಿಂದೆ ಕೂತೆವು. ಡಬ್ಬಿ ಕಾಕಾನ ಪಕ್ಕದಲ್ಲೇ ಇತ್ತು. ಅವನು ಅದನ್ನು ಎತ್ತಲಿಲ್ಲ. ಬೆರಳು ಮಡಚುತ್ತಾ ಎಣಿಸುತ್ತಿದ್ದ.

ಬೆಳಕು ಹರಿಯಿತು. ಒಂದು ಹೆಬ್ಬಾತು ತಲೆ ಎತ್ತಿ ಕೂಗಿತು. ಎಲ್ಲವೂ ಒಟ್ಟಿಗೆ ಎದ್ದವು. ನಮ್ಮ ತಲೆಯ ಮೇಲೆಯೇ ಹಾದು ಕೆರೆಯ ಕಡೆ ಹೋದವು. ತಲೆಯ ಮೇಲಿನ ಪಟ್ಟೆ ಎರಡೂ ಸ್ಪಷ್ಟವಾಗಿ ಕಂಡವು.

“ನಲವತ್ತಮೂರು” ಅಂದ ಕಾಕಾ.

ಆಮೇಲೆ ಎದ್ದು ಹೊಲದೊಳಗೆ ಹೋದ. ಹಕ್ಕಿ ಮೇಯ್ದ ಜಾಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಹಾಕುತ್ತಾ ಅಳೆದ. ಉದ್ದ ಹದಿನೇಳು. ಅಗಲ ಒಂಬತ್ತು. ನಡುವೆ ಬಿದ್ದಿದ್ದ ಒಂದು ಬೂದು ಗರಿಯನ್ನು ಎತ್ತಿ ರುಮಾಲಿಗೆ ಸಿಕ್ಕಿಸಿಕೊಂಡ. ನನ್ನ ಕಡೆ ತಿರುಗಿ, “ಬರ್ಕೋ ಯವ್ವಾ” ಅಂದ.